ಕಾರು ಸಾಕುವ ಧರ್ಮ

ನಮ್ಮ ಕಡೆಯ ಗೃಹಸ್ಥರು ಕಾರನ್ನು ‘ಇಟ್ಟುಕೊಂಡಿದ್ದೇನೆ’ ಎನ್ನುವುದಕ್ಕಿಂತ ‘ಸಾಕುತ್ತಿದ್ದೇನೆ’ ಎನ್ನುವುದೇ ಹೆಚ್ಚು. ಈ ಮಾತಿನಲ್ಲಿ ಖರ್ಚಿನ ನಿಟ್ಟುಸಿರು ಉಂಟು, ನಿಜ. ಆದರೆ ವಿವೇಕವೂ ಅಡಗಿದೆ. ಹಸುವನ್ನು ಸಾಕುವವನು ಹಾಲು ಕರೆಯುವ ಹೊತ್ತಿಗೆ ಮಾತ್ರ ಕೊಟ್ಟಿಗೆಗೆ ಹೋಗುವುದಿಲ್ಲ. ಮೇವು, ನೀರು, ಗೊರಸು, ಮೈ ಇವೆಲ್ಲವನ್ನೂ ದಿನವೂ ನೋಡುತ್ತಾನೆ. ಕಾರಿನ ವಿಷಯದಲ್ಲಾದರೋ ನಮ್ಮಲ್ಲನೇಕರ ಆರೈಕೆ ಆಯುಧಪೂಜೆಯ ಒಂದು ದಿನಕ್ಕೇ ಮುಗಿದುಹೋಗುತ್ತದೆ. ಅಂದು ಮೈ ತೊಳೆದು, ಸೇವಂತಿಗೆಯ ಹಾರ ಹಾಕಿ, ಗಾಲಿಗಳ ಕೆಳಗೆ ನಿಂಬೆಹಣ್ಣನ್ನಿಟ್ಟು, ಬೂದುಗುಂಬಳಕಾಯಿ ಒಡೆಯುತ್ತೇವೆ. ನಿಂಬೆಹಣ್ಣನ್ನಿಡಲು ಬಾಗಿದಾಗಲೇ ಟೈರನ್ನೂ ಒಮ್ಮೆ ನೋಡಿದರೆ ಪೂಜೆಗೆ ಊನವೇನೂ ಬಾರದು.

ನೋಡಬೇಕಾದುದು ಬಹಳವೇನಲ್ಲ. ಟೈರಿನ ಗೀರುಗಳ ಆಳ 1.6 ಮಿಲಿಮೀಟರಿಗಿಂತ ಕಡಿಮೆಯಾದರೆ ಆ ಟೈರು ರಸ್ತೆಗೆ ತಕ್ಕುದಲ್ಲವೆಂದು ನಿಯಮವಿದೆ. ಸವೆತ ತಿಳಿಯಲೆಂದು ಗೀರುಗಳ ತಳದಲ್ಲಿ ಸಣ್ಣ ದಿಬ್ಬಗಳನ್ನೇ ಮಾಡಿಟ್ಟಿರುತ್ತಾರೆ. ಮಳೆನೀರನ್ನು ಪಕ್ಕಕ್ಕೆ ತಳ್ಳಿ ರಬ್ಬರಿಗೆ ನೆಲ ಸಿಕ್ಕುವಂತೆ ಮಾಡುವುದೇ ಆ ಗೀರುಗಳ ಕೆಲಸ. ಗಾಳಿಯನ್ನು ಬೆಳಗ್ಗೆ ಟೈರು ತಣ್ಣಗಿರುವಾಗ ನೋಡಬೇಕು. ಓಡಿ ಬಂದ ಟೈರಿನಲ್ಲಿ ಒತ್ತಡವೇರಿರುವುದರಿಂದ ಲೆಕ್ಕ ತಪ್ಪುತ್ತದೆ. ಬ್ರೇಕ್ ಆಯಿಲು ಗಾಳಿಯ ತೇವವನ್ನು ಹೀರುವ ಸ್ವಭಾವದ್ದು. ತೇವ ಸೇರಿದ ಆಯಿಲು ಘಟ್ಟವಿಳಿಯುವಾಗ ಕಾದು, ಅದರಲ್ಲಿ ಆವಿಯ ಗುಳ್ಳೆಗಳೆದ್ದರೆ ಪೆಡಲು ಕಾಲಿನ ಕೆಳಗೆ ಹತ್ತಿಯಂತೆ ಮೆತ್ತಗಾಗಿಬಿಡುತ್ತದೆ. ಮಲೆನಾಡಿನವರು ಎರಡು ವರ್ಷಕ್ಕೊಮ್ಮೆಯಾದರೂ ಅದನ್ನು ಬದಲಾಯಿಸುವುದು ಲೇಸು. ಇಂಜಿನ್ ಆಯಿಲನ್ನು ಬಹುಮಂದಿ ಮರೆಯುವುದಿಲ್ಲ. ಮರೆತರೆ ನಷ್ಟ ತಮಗೇ. ಟೈರು ಬ್ರೇಕುಗಳನ್ನು ಮರೆತರೆ ನಷ್ಟ ಇನ್ನೊಬ್ಬನಿಗೂ ಆಗುತ್ತದೆ.

ಆ ಇನ್ನೊಬ್ಬನ ಪಾತ್ರ 2022ರ ಆಷಾಢದಲ್ಲಿ ನನ್ನ ಪಾಲಿಗೆ ಬಂತು. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಬರುತ್ತ ಮಂಡಗದ್ದೆಯನ್ನು ದಾಟಿದ್ದೆವು. ಸಣ್ಣಗೆ ಮಳೆ. ಎಮ್ಮೆಗಳ ಹಿಂಡೊಂದು ರಸ್ತೆ ದಾಟುತ್ತಿದ್ದುದರಿಂದ ಕಾರು ನಿಲ್ಲಿಸಿದೆ. ಹಿಂದೆ ಬರುತ್ತಿದ್ದ ಸರಕಿನ ಗಾಡಿ ನಿಲ್ಲಲಿಲ್ಲ. ಜಾರಿಕೊಂಡು ಬಂದು ಹೊಡೆಯಿತು. ನಮ್ಮ ಜನರ ಮಾತಿನಲ್ಲಿ ಕಾರಿನ ಹಿಂಬದಿಯ ಪೆಟ್ಟಿಗೆಗೂ ಡಿಕ್ಕಿಯೆಂದು ಹೆಸರು, ಹೀಗೆ ಬಂದು ತಗಲುವುದಕ್ಕೂ ಡಿಕ್ಕಿಯೆಂದೇ ಹೆಸರು. ಅಂದು ಎರಡೂ ಒಂದಾದವು. ದೈವಕೃಪೆಯಿಂದ ಹಿಂದಿನ ಸೀಟಿನಲ್ಲಿದ್ದ ನನ್ನ ಮನೆಯವರಿಗೂ ಮೊಮ್ಮಗಳಿಗೂ ಏನೂ ಆಗಲಿಲ್ಲ.

ಗಾಡಿಯ ಚಾಲಕ ಇಪ್ಪತ್ತೆರಡರ ಆಸುಪಾಸಿನ ಹುಡುಗ. ಕೈ ಮುಗಿದು, “ಗಾಡಿ ನಂದಲ್ಲ ಸಾರ್. ಟೈರ್ ಹಾಕಿಸಿ ಅಂತ ಧಣಿಗಳಿಗೆ ಎರಡು ಸಲ ಹೇಳಿದ್ದೆ” ಎಂದ. ಟೈರುಗಳು ಬೋಳುತಲೆಯಂತೆ ನುಣ್ಣಗಿದ್ದವು. ಜೇಬಿನಿಂದ ಎರಡು ಸಾವಿರ ರೂಪಾಯಿ ತೆಗೆದು ಚಾಚಿದ. ತೆಗೆದುಕೊಳ್ಳಲು ನನಗೆ ಕೈ ಬರಲಿಲ್ಲ. ಗಾಡಿಯ ನಂಬರು, ವಿಮೆಯ ವಿವರ, ಧಣಿಯ ಫೋನು ಇವನ್ನು ಬರೆದುಕೊಂಡು, ಎರಡು ವಾಹನಗಳ ಫೋಟೋ ತೆಗೆದು, ಅಲ್ಲಿಂದಲೇ ನನ್ನ ವಿಮಾ ಕಂಪನಿಗೆ ತಿಳಿಸಿದೆ.

ಹೊಡೆದವರ ವಿಮೆಯಿಂದ ಪರಿಹಾರ ಪಡೆಯಬೇಕಾದರೆ ಸಾಮಾನ್ಯವಾಗಿ ನ್ಯಾಯಮಂಡಳಿಯ ಮೆಟ್ಟಲು ಹತ್ತಬೇಕು. ಸಣ್ಣ ನಷ್ಟಕ್ಕಾಗಿ ಅಷ್ಟು ದೂರ ಹೋಗುವವರು ವಿರಳ. ನಮ್ಮ ವಿಮೆಯನ್ನೇ ಕೇಳೋಣವೆಂದರೆ, ಐದು ವರ್ಷ ಏನನ್ನೂ ಕೇಳದೆ ಗಳಿಸಿದ್ದ ನೂರಕ್ಕೆ 50ರ ರಿಯಾಯಿತಿ ಮರುವರ್ಷ ಸೊನ್ನೆಯಾಗುತ್ತದೆ. ಸಾಧಾರಣ ಪಾಲಿಸಿಯಲ್ಲಿ ಸವಕಳಿಯ ಕಡಿತ ಬೇರೆ: ಪ್ಲಾಸ್ಟಿಕ್ ರಬ್ಬರುಗಳಿಗೆ ನೂರಕ್ಕೆ 50, ಐದರಿಂದ ಹತ್ತು ವರ್ಷದೊಳಗಿನ ಕಾರಿನ ಲೋಹದ ಭಾಗಗಳಿಗೆ 40, ಗಾಜಿಗೆ ಮಾತ್ರ ಕಡಿತವಿಲ್ಲ. ನನ್ನದು ಎಂಟು ವರ್ಷದ ಕಾರು. ಈ ಲೆಕ್ಕವನ್ನು ಕೇಳಿದ ಬಂಧುಗಳೊಬ್ಬರು ಸುಲಭೋಪಾಯ ಹೇಳಿದರು: “ತಗ್ಗಿಗೆ ಪುಟ್ಟಿ ಮೆತ್ತಿಸಿ, ಬಣ್ಣ ಹೊಡೆಸಿ ಮಾರಿಬಿಡಿ. ಕೊಂಡವನಿಗೇನು ಗೊತ್ತಾಗುತ್ತದೆ?” ಬರಿಯ ರೂಪಾಯಿಯ ಲೆಕ್ಕದಿಂದ ನೋಡಿದರೆ ಇದಕ್ಕೆ ಉತ್ತರ ಹೇಳುವುದು ಕಷ್ಟವಾಗಿತ್ತು.

ನಮ್ಮೂರ ಗ್ಯಾರೇಜಿನ ಮೇಸ್ತ್ರಿಗಳು ಟಿಂಕರಿಂಗ್ ಕೆಲಸದಲ್ಲಿ ಮೂವತ್ತು ವರ್ಷ ಪಳಗಿದವರು. ಬಂಪರು ಬಿಚ್ಚದೆ ಖರ್ಚಿನ ಅಂದಾಜು ಹೇಳಲು ಅವರು ಒಪ್ಪಲಿಲ್ಲ. “ಪ್ಲಾಸ್ಟಿಕ್ ಒಳಗೆ ಹೋಗಿ ವಾಪಸು ಬರ್ತದೆ, ಕಬ್ಬಿಣ ಬರೋಲ್ಲ” ಎಂದು, ವಿಮೆಯ ಸರ್ವೇಯರರ ಎದುರಿನಲ್ಲಿಯೇ ಬಿಚ್ಚಿಸಿದರು. ಹೊರಗೆ ಕಂಡುದು ಒಂದು ಬಿರುಕು, ಸರಿಯಾಗಿ ಕೂರದ ಡಿಕ್ಕಿಯ ಬಾಗಿಲು, ಇಷ್ಟೆ. ಒಳಗೆ ಉಕ್ಕಿನ ಅಡ್ಡಪಟ್ಟಿ ಮಡಿದುಹೋಗಿತ್ತು. ಡಿಕ್ಕಿಯ ನೆಲ ಸುಕ್ಕುಗಟ್ಟಿತ್ತು. ಆ ಪಟ್ಟಿ ಇರುವುದೇ ಪೆಟ್ಟನ್ನು ತಾನು ತಿಂದು ಒಳಗೆ ಕುಳಿತವರಿಗೆ ತಗ್ಗಿಸಲೆಂದು. ಒಮ್ಮೆ ಮಡಿದ ಉಕ್ಕನ್ನು ಬಡಿದು ನೆಟ್ಟಗೆ ಮಾಡಿದರೆ ನೋಟಕ್ಕೆ ಸರಿಹೋದೀತು; ಎರಡನೆಯ ಪೆಟ್ಟಿಗೆ ಮೊದಲಿನಂತೆ ನಿಂತೀತೆಂಬ ಭರವಸೆಯಿಲ್ಲ.

ಮಾರುವ ಮಾತನ್ನು ಅವರ ಕಿವಿಗೂ ಹಾಕಿದೆ. ಅವರು ಕೈಯ ಗ್ರೀಸನ್ನು ಬಟ್ಟೆಗೆ ಒರೆಸಿಕೊಳ್ಳುತ್ತ, “ಕೊಂಡವರ ಮಕ್ಕಳೂ ಹಿಂದಿನ ಸೀಟಲ್ಲೇ ಕೂರ್ತಾರೆ ಮೇಷ್ಟ್ರೇ” ಎಂದರು. ಮುಂದೆ ಮಾತು ಬೆಳೆಯಲಿಲ್ಲ. ಹೊಸ ಪಟ್ಟಿ ತರಿಸಿದ್ದಾಯಿತು, ನೆಲವನ್ನು ಎಳೆಸಿ ಸಮಮಾಡಿಸಿದ್ದಾಯಿತು. ವಿಮೆಯಿಂದ ಬಂದುದು ಖರ್ಚಿನ ಅರ್ಧಕ್ಕಿಂತ ತುಸು ಹೆಚ್ಚು. ಉಳಿದುದು ಪಿಂಚಣಿಯಿಂದ ಹೋಯಿತು. ಬಣ್ಣ ಹಾಕುವ ಮೊದಲು ಮೇಸ್ತ್ರಿಗಳು ನನ್ನನ್ನು ಕರೆಸಿ, ಬೆಸುಗೆಯನ್ನೂ ತುಕ್ಕು ತಡೆಯುವ ಲೇಪವನ್ನೂ ತೋರಿಸಿದರು. ತೆಗೆದ ಹಳೆಯ ಭಾಗಗಳನ್ನು ಮುಂದಿಟ್ಟರು. ರಿಪೇರಿ ಮಾಡಿಸುವವರೆಲ್ಲರೂ ಈ ಎರಡನ್ನು ಕೇಳಿ ನೋಡುವುದು ವಿಹಿತ. ಬಣ್ಣ ಬಿದ್ದ ಮೇಲೆ ಒಳ್ಳೆಯ ಕೆಲಸವೂ ಕೆಟ್ಟ ಕೆಲಸವೂ ಒಂದೇ ತೆರನಾಗಿ ಹೊಳೆಯುತ್ತವೆ.

ಸರಕಿನ ಗಾಡಿಯ ಧಣಿಗೂ ಫೋನು ಮಾಡಿದ್ದೆ. ನಷ್ಟದ ಮಾತೆತ್ತದೆ, ಹುಡುಗನ ಸಂಬಳ ಹಿಡಿಯಬೇಡಿ, ಮೊದಲು ಟೈರು ಹಾಕಿಸಿಕೊಡಿ ಎಂದು ಕೇಳಿಕೊಂಡೆ. “ನೋಡೋಣ” ಎಂದರು. ಈ ಪತ್ರಿಕೆಯ ವಾಚಕರಲ್ಲಿ ಅಂಗಡಿಗೆ, ತೋಟಕ್ಕೆ, ಶಾಲೆಗೆ ಗಾಡಿಯಿಟ್ಟಿರುವವರು ಉಂಟು. ಮನೆಯ ಕಾರಿನಷ್ಟೇ ಆಸ್ಥೆಯಿಂದ ಆ ಗಾಡಿಗಳ ಟೈರನ್ನೂ ಬ್ರೇಕನ್ನೂ ಅವರು ನೋಡಿಕೊಳ್ಳಲಿ ಎಂಬುದಷ್ಟೇ ನನ್ನ ಬಿನ್ನಹ. ‘ನೋಡೋಣ’ ಎಂಬ ಆ ಒಂದು ಮಾತನ್ನು ನೆಚ್ಚಿಕೊಂಡು ಎಷ್ಟೋ ಹುಡುಗರು ದಿನವೂ ಗಾಡಿ ಹೊರಡಿಸುತ್ತಾರೆ. ನಾವೆಲ್ಲರೂ ಅವರ ಮುಂದೆ ಹೋಗುತ್ತಿರುತ್ತೇವೆ.