ಆಯಿಯ ಕರಿ ಕಂಬಳಿ



ಸೊಲ್ಲಾಪುರದ ನಮ್ಮ ಬಾಡಿಗೆ ಮನೆಗೆ ಅಂದು ನನ್ನ ಕಾಲೇಜಿನ ಗೆಳತಿಯರು ಮೊದಲ ಸಲ ಬರುವವರಿದ್ದರು. ಪಡಸಾಲೆಯಲ್ಲಿ ಆಯಿ ತನ್ನ ಹಳೆಯ ಕರಿ ಕಂಬಳಿ ಹಾಸಿಕೊಂಡು ಕುಳಿತಿದ್ದಳು. ಕುರ್ದಿಶ್ ಜನರು ಕೈಯಿಂದ ನೇಯ್ದ ಹಳೆಯ ರತ್ನಗಂಬಳಿಗಳ ಚಿತ್ರಗಳನ್ನು ಫೋನಿನಲ್ಲಿ ನೋಡಿ ಮರುಳಾಗಿದ್ದ ನನಗೆ ಆ ಕಂಬಳಿ ನೋಡಿ ನಾಚಿಕೆಯಾಯಿತು.

“ಆಯಿ, ಇದನ್ನ ಒಳಗ ಇಡ್ತೀನಿ. ಕುರಿ ವಾಸನಿ ಬರ್ತದ.”

ಆಯಿ ಮಾತಾಡದೆ ಮಡಚಿ ಕೊಟ್ಟಳು. ಗೆಳತಿಯರು ಹೋಗುವವರೆಗೂ ತಣ್ಣನೆಯ ಫರಸಿಯ ಮೇಲೆಯೇ ಕುಳಿತಿದ್ದಳು.

ಕ್ರಿಸ್ಮಸ್‌ಗೆ ಗೋದಲಿ ಕಟ್ಟುವಾಗ ಕುರುಬರ ಗೊಂಬೆಗಳ ಕೆಳಗೆ ಹಾಸಲು ಆ ಕಂಬಳಿ ನೆನಪಾಯಿತು. ಟ್ರಂಕು ತೆರೆದರೆ ಒಂದು ಮೂಲೆಯನ್ನು ನುಸಿ ತಿಂದಿತ್ತು. ಆಯಿ ದಬ್ಬಣ ಹಿಡಿದು ಹೊಲಿಯುತ್ತ ನಮ್ಮೂರು ಹುಲಜಂತಿಯ ಮಾತು ತೆಗೆದಳು. ಅಲ್ಲಿ ದೀಪಾವಳಿಯ ಮಹಾಲಿಂಗರಾಯನ ಜಾತ್ರೆಯಲ್ಲಿ ಪಲ್ಲಕ್ಕಿಗಳ ಮೇಲೆ ಭಂಡಾರದ ಜೊತೆ ಕುರಿಯ ಉಣ್ಣೆಯನ್ನೂ ತೂರುತ್ತಾರೆ. ಉಣ್ಣೆಗೆ ಅಷ್ಟು ಮರ್ಯಾದೆ.

ದಖ್ಖನಿ ಕುರಿಯ ಉಣ್ಣೆಯನ್ನು ವರ್ಷಕ್ಕೆ 2 ಸಲ ಕತ್ತರಿಸಿ, ಹಿಂಜಿ, ಹೆಂಗಸರು ನೂಲುತ್ತಿದ್ದರಂತೆ. ನೂಲಿಗೆ ಹುಣಸೆ ಬೀಜದ ಗಂಜಿ ಹಚ್ಚಿ, ಗಂಡಸರು ಗುಂಡಿ ಮಗ್ಗದಲ್ಲಿ ನೇಯುತ್ತಿದ್ದರಂತೆ. ಆ ಕಪ್ಪು, ಬಣ್ಣ ಹಚ್ಚಿದ್ದಲ್ಲ, ಕುರಿಯದೇ. ಮಳೆಯಲ್ಲಿ ಅದೇ ಕೊಪ್ಪೆ, ಚಳಿಯಲ್ಲಿ ಅದೇ ಹೊದಿಕೆ.

“ಮನಿಗಿ ಯಾರರೆ ಬಂದ್ರ ಮೊದ್ಲ ಕಂಬಳಿ ಹಾಸ್ತಿದ್ವಿ, ಯವ್ವಾ. ನೀ ಬಂದವರ ಸಲುವಾಗೇ ತೆಗೆಸಿದಿ.”

ಆಯಿ ಸಿಟ್ಟಿನಿಂದ ಹೇಳಲಿಲ್ಲ. ಅದಕ್ಕೇ ನನಗೆ ಹೆಚ್ಚು ನೋವಾಯಿತು.

ನಾನು ಮೆಚ್ಚಿದ ಕುರ್ದಿಶ್ ರತ್ನಗಂಬಳಿಗಳೂ ಬೆಟ್ಟಗಾಡಿನ ಕುರಿಗಾರರ ಮನೆಗಳಲ್ಲಿ ಹೆಂಗಸರು ಉಣ್ಣೆಯಿಂದ ನೇಯ್ದವೇ. ಅಲ್ಲೂ ಅವು ಜನ ಕುಳಿತು, ಮಲಗಿ ಬಳಸಿದ ಹಾಸುಗಳು. ದೂರದ ಕುರುಬರ ಹಾಸು ನನಗೆ ಕಲೆಯಾಗಿ ಕಂಡಿತು, ನಮ್ಮೂರ ಕುರುಬರದು ಬರೀ ವಾಸನೆಯಾಯಿತು. ‘ರತ್ನಗಂಬಳಿ’ ಎಂಬ ಮಾತಿನೊಳಗೇ ಕಂಬಳಿ ಇದೆ ಎಂಬುದೂ ನನಗೆ ಹೊಳೆದಿರಲಿಲ್ಲ.

ಈಗ ನಮ್ಮ ಕಡೆ ಮಾಂಸಕ್ಕೆಂದು ಮಾಡಗ್ಯಾಳ ತಳಿಯ ಕುರಿ ಸಾಕುವವರೇ ಹೆಚ್ಚು. ಅದರ ಉಣ್ಣೆ ಕಂಬಳಿಗೆ ಸಾಲದು. ಮಗ್ಗಗಳೂ ಕಡಿಮೆಯಾಗಿವೆ. ಈ ಕಂಬಳಿ ಹಾಳಾದರೆ ಇಂಥದ್ದು ಮತ್ತೆ ಸುಲಭವಾಗಿ ಸಿಗದು. ಹಾಗೆಂದು ಗೋಡೆಗೆ ತೂಗು ಹಾಕುವುದು ಆಯಿಗೆ ಒಪ್ಪಿಗೆಯಿಲ್ಲ. ಆಗಾಗ ಝಾಡಿಸಿ ಬಿಸಿಲಿಗೆ ಹಾಕುತ್ತೇವೆ, ಮಡಚಿಡುವಾಗ ಬೇವಿನ ಎಲೆ ಇಡುತ್ತೇವೆ.

ಗೋದಲಿ ಬಿಚ್ಚಿದ ಮೇಲೆ ಗೆಳತಿಯರು ಮತ್ತೆ ಬಂದರು. ಕಂಬಳಿ ನಾನೇ ಹಾಸಿದೆ. ಆಯಿ ನಡುವೆ ಕುಳಿತಳು.