ದೂರದ ಬೆಟ್ಟ, ಪಕ್ಕದ ಕುರ್ಚಿ

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬ ಗಾದೆಯನ್ನು ಕಟ್ಟಿದ ಹಿರಿಯರು ಬೆಟ್ಟವನ್ನೇ ಕುರಿತು ಹೇಳಿದರೋ, ಮನುಷ್ಯರನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳಿದರೋ ತಿಳಿಯದು. ನಟನಿರಲಿ, ಗಾಯಕನಿರಲಿ, ಜನ ಮೆಚ್ಚಿದವನು ಎತ್ತರದ ರಂಗದ ಮೇಲೆ ಬಣ್ಣದ ಬೆಳಕಿನಲ್ಲಿ ನಿಂತಿರುವಷ್ಟು ಕಾಲ ಮೆಚ್ಚುವವನಿಗೆ ಯಾವ ತೊಡಕೂ ಇಲ್ಲ. ಚಪ್ಪಾಳೆ ತಟ್ಟಬಹುದು, ಕೂಗಬಹುದು, ಮನೆಗೆ ಬಂದು ಗೋಡೆಗೆ ಚಿತ್ರ ಅಂಟಿಸಬಹುದು. ತೊಡಕು ಹುಟ್ಟುವುದು, ಅದೇ ವ್ಯಕ್ತಿ ಒಂದು ದಿನ ಕೈಯಲ್ಲಿ ಔಷಧಿಯ ಚೀಟಿ ಹಿಡಿದು ಪಕ್ಕದ ಕುರ್ಚಿಯಲ್ಲಿ ಬಂದು ಕುಳಿತಾಗ. ಅಂಥ ತೊಡಕು ಸಿಂಗಟಗೆರೆಯ ತರುಣನೊಬ್ಬನಿಗೆ ಒದಗಿ ಬಂತು.

ಸಿಂಗಟಗೆರೆ ಕಡೂರು ತಾಲ್ಲೂಕಿನ ಒಂದು ಹೋಬಳಿ. ಜಿಲ್ಲೆಯ ಹೆಸರು ಚಿಕ್ಕಮಗಳೂರು ಎಂದೊಡನೆ ದೂರದವರು ಕಾಫಿಯ ತೋಟ, ಮಂಜು, ಜಡಿಮಳೆ ಎಂದು ಕನಸು ಕಾಣುತ್ತಾರೆ. ಆದರೆ ಮಳೆಯ ಮೋಡಗಳು ಬಾಬಾಬುಡನ್ ಗಿರಿಯ ಆಚೆಯೇ ತಮ್ಮ ಹೊರೆಯನ್ನೆಲ್ಲ ಇಳಿಸಿ, ಬಯಲುಸೀಮೆಯಾದ ಈ ಕಡೆಗೆ ಬರುವಾಗ ಬಹುಮಟ್ಟಿಗೆ ಬರಿಗೈಯಲ್ಲಿ ಬರುತ್ತವೆ. ಇಲ್ಲಿಯವರ ಬಾಳು ರಾಗಿಯನ್ನೂ ತೆಂಗನ್ನೂ ನಂಬಿದ್ದು. ಊರಿನವರ ನೆಚ್ಚಿಕೆ ಕಲ್ಲೇಶ್ವರ ಸ್ವಾಮಿ. ಇಂಥ ಊರಿನ ತೆಂಗಿನ ತೋಟದವರ ಮನೆಯಲ್ಲಿ ವಿದ್ಯುತ್ ಗಿಟಾರಿನ ಮೊರೆತಕ್ಕೆ ಮನಸೋತ ಮಗ ಹುಟ್ಟಿದ್ದನ್ನು ಕಂಡು ನೆರೆಹೊರೆಯವರು ಅಚ್ಚರಿಪಟ್ಟದ್ದರಲ್ಲಿ ಅಚ್ಚರಿಯಿಲ್ಲ.

ಅವನು 2004ರಲ್ಲಿ ಡಿಪ್ಲೊಮಾ ಓದಲೆಂದು ಬೆಂಗಳೂರಿಗೆ ಹೋದ. ವಿದ್ಯಾರ್ಥಿನಿಲಯದ ಜೊತೆಗಾರನ ಬಳಿ ಒಂದು ಹಳೆಯ ಕಂಪ್ಯೂಟರ್, ಅದರ ತುಂಬ ರಾಕ್ ಸಂಗೀತ. ಮೊದಲ ವಾರ ತಲೆನೋವು; ಎರಡನೆಯ ವಾರ ಕುತೂಹಲ; ತಿಂಗಳು ತುಂಬುವಷ್ಟರಲ್ಲಿ ಹುಚ್ಚು. ರಜೆಗೆ ಊರಿಗೆ ಬಂದಾಗ ಅವನ ಕೂದಲು ಭುಜ ಮುಟ್ಟಿತ್ತು. ಅಂಗಿಯ ಮೇಲೆ ಅಸ್ಥಿಪಂಜರದ ಚಿತ್ರವಿತ್ತು. ತಾಯಿ ದೃಷ್ಟಿ ತೆಗೆದರು. ತಂದೆ ಮಾತು ಬಿಟ್ಟರು.

ಊರಿನ ನಿವೃತ್ತ ಮೇಷ್ಟರೊಬ್ಬರು ತಂದೆಯನ್ನು ಸಮಾಧಾನಪಡಿಸಿದ ಬಗೆ ನೆನೆಯತಕ್ಕದ್ದು. “ಹಾಡಿನ ಹುಚ್ಚು ಹಿಡಿದ ಮಕ್ಕಳು ನಮ್ಮಲ್ಲಿ ಹಿಂದೆಯೂ ಇದ್ದರು ಸ್ವಾಮಿ,” ಎಂದರು ಮೇಷ್ಟರು. ಗದಗಿನ ಹುಡುಗನೊಬ್ಬ ಅಬ್ದುಲ್ ಕರೀಮ್ ಖಾನರ ಗ್ರಾಮಫೋನ್ ತಟ್ಟೆ ಕೇಳಿ ಮೈಮರೆತ. 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಮನೆ ಬಿಟ್ಟು ರೈಲು ಹತ್ತಿದ. ಗ್ವಾಲಿಯರ್, ಕಲ್ಕತ್ತ, ಜಲಂಧರ್ ಎಂದು ಗುರುವನ್ನು ಹುಡುಕುತ್ತ ಉತ್ತರ ದೇಶವನ್ನೆಲ್ಲ ಅಲೆದ. ಕಡೆಗೆ ಗುರು ದೊರೆತದ್ದು ಹುಬ್ಬಳ್ಳಿಯ ಬಳಿಯ ಕುಂದಗೋಳದಲ್ಲಿ. ಆ ಸವಾಯಿ ಗಂಧರ್ವರು ಸ್ವತಃ ಅಬ್ದುಲ್ ಕರೀಮ್ ಖಾನರ ಶಿಷ್ಯರು. ದೇವರೆಂದು ನಂಬಿ ಹೋದ ಮನೆಯಲ್ಲಿ ಹುಡುಗನಿಗೆ ಮೊದಲು ಸಿಕ್ಕಿದ್ದು ತಂಬೂರಿಯಲ್ಲ, ನೀರು ತುಂಬುವ ಕೊಡ. ಹುಡುಗ ಕೊಡ ಹೊತ್ತ, ಭೀಮಸೇನ ಜೋಶಿಯಾದ. “ನಿಮ್ಮ ಮಗ ರೈಲು ಹತ್ತುವಾಗ ಟಿಕೆಟ್ಟನ್ನಾದರೂ ಕೊಳ್ಳುತ್ತಾನೆ,” ಎಂದು ಮೇಷ್ಟರು ಮಾತು ಮುಗಿಸಿದರು. ತಂದೆಗೆ ನಗು ಬಂತು. ಮಾತೂ ಮರಳಿ ಬಂತು.

ಬೆಂಗಳೂರು ಆ ವೇಳೆಗೆ ರಾಕ್ ಸಂಗೀತದ ಊರೆಂದು ಹೆಸರಾಗಿತ್ತು. 2003ರ ಏಪ್ರಿಲಿನಲ್ಲಿ ರೋಲಿಂಗ್ ಸ್ಟೋನ್ಸ್ ತಂಡ ಅರಮನೆ ಮೈದಾನದಲ್ಲಿ ಹಾಡಿ ಹೋಗಿತ್ತು. 2007ರ ಮಾರ್ಚ್ 17ರಂದು ಅದೇ ಮೈದಾನಕ್ಕೆ ಇಂಗ್ಲೆಂಡಿನ ಐರನ್ ಮೇಡನ್ ತಂಡ ಬಂತು. ಭಾರತದಲ್ಲಿ ಅದು ಅವರ ಮೊದಲ ಕಛೇರಿ. ಸಿಂಗಟಗೆರೆಯ ತರುಣ ಎರಡು ತಿಂಗಳು ಸಂಜೆಯ ತಿಂಡಿ ಬಿಟ್ಟು ಟಿಕೆಟ್ಟಿನ ಹಣ ಕೂಡಿಸಿದ. ಸಾವಿರಾರು ಜನರ ನಡುವೆ, ಧೂಳಿನಲ್ಲಿ ನಿಂತು, ಗಂಟಲು ಹರಿಯುವಂತೆ ಕೂಗಿದ. ಆ ತಂಡದ ಗಾಯಕ ಬ್ರೂಸ್ ಡಿಕಿನ್ಸನ್ನನ ಇನ್ನೊಂದು ಉದ್ಯೋಗವನ್ನು ಗೆಳೆಯರಿಂದ ಕೇಳಿ ಅವನಿಗೆ ಸೋಜಿಗವೆನಿಸಿತು. ಆತ ಆ ಕಾಲದಲ್ಲಿ ಒಂದು ವಿಮಾನ ಸಂಸ್ಥೆಯ ಪೈಲಟ್ ಕೂಡ ಆಗಿದ್ದ. ರಜೆಗೆಂದು ಹೊರಟ ಸಾಮಾನ್ಯ ಪ್ರಯಾಣಿಕರಿಗೆ, ನಡುಪಟ್ಟಿ ಬಿಗಿದುಕೊಳ್ಳಿರೆಂದು ಹೇಳುವ ದನಿ ರಂಗದ ಮೇಲೆ ಗರ್ಜಿಸುವ ಆ ದನಿಯೇ ಆಗಿರಬಹುದಿತ್ತು! ಅಭಿಮಾನಿಗೆ ಅದು ಪುಳಕ. ಉಳಿದವರಿಗೆ ವಿಮಾನ ಸುಖವಾಗಿ ಇಳಿದರೆ ಸಾಕು.

ಪ್ರಸಿದ್ಧರಿಗೆ ಈ ಪುಳಕದ ಹೊರೆ ಕಡಿಮೆಯದಲ್ಲ. 1966ರಲ್ಲಿ ಬೀಟಲ್ಸ್ ತಂಡದ ಜಾರ್ಜ್ ಹ್ಯಾರಿಸನ್ ರವಿಶಂಕರರ ಬಳಿ ಸಿತಾರ್ ಕಲಿಯಲು ಮೀಸೆ ಬಿಟ್ಟು ಗುಟ್ಟಾಗಿ ಮುಂಬಯಿಗೆ ಬಂದ. ಆದರೂ ಹೋಟೆಲಿನ ನೌಕರನೊಬ್ಬ ಗುರುತು ಹಿಡಿದ. ಬೀದಿಯಲ್ಲಿ ಜನ ನೆರೆದರು. ಕಡೆಗೆ ಗುರುಶಿಷ್ಯರು ಕಾಶ್ಮೀರಕ್ಕೆ ಹೋಗಿ ಪಾಠ ನಡೆಸಬೇಕಾಯಿತು. ಪ್ರೀತಿ ಸಿಟ್ಟಿಗೆ ತಿರುಗುವುದೂ ಉಂಟು. 2011ರ ಅಕ್ಟೋಬರಿನಲ್ಲಿ ದೆಹಲಿಯ ಬಳಿಯ ಗುರುಗಾಂವಿನಲ್ಲಿ ಮೆಟಾಲಿಕಾ ತಂಡದ ಕಛೇರಿ ನಿಂತುಹೋದಾಗ, ಹಾಡು ಕೇಳಲು ಬಂದವರೇ ರಂಗವನ್ನು ಮುರಿದರು. ಎರಡು ದಿನಗಳ ತರುವಾಯ ಬೆಂಗಳೂರಿನಲ್ಲಿ ಅದೇ ತಂಡದ ಕಛೇರಿ ನಿರ್ವಿಘ್ನವಾಗಿ ನಡೆಯಿತು. ಕನ್ನಡಿಗರಿಗೆ ಈ ವಿಷಯದಲ್ಲಿ ಒಳ್ಳೆಯ ಪಾಠ ಹೇಳಿಕೊಟ್ಟವರು ರಾಜಕುಮಾರರು. ತಮ್ಮನ್ನು ದೇವರೆಂದವರನ್ನು ಅವರು “ಅಭಿಮಾನಿ ದೇವರುಗಳು” ಎಂದು ಕರೆದು, ಹಾರವನ್ನು ತಿರುಗಿ ಹಾಕಿದವನ ಕೊರಳಿಗೇ ಹಾಕಿಬಿಟ್ಟರು. ದೇವರೆನಿಸಿಕೊಂಡವನು ಬೀದಿಯಲ್ಲಿ ಕಲ್ಲೆತ್ತುವುದು ಹೇಗೆ?

ಆದರೆ ತರುಣನ ನಿಜವಾದ ಆರಾಧ್ಯಮೂರ್ತಿ ವಿದೇಶದವನಲ್ಲ. ಬೆಂಗಳೂರಿನದೇ ಒಂದು ತಂಡದ ಗಿಟಾರ್ ವಾದಕರು. ಶಿಶುನಾಳ ಶರೀಫರ ಪದಗಳನ್ನು ರಘು ದೀಕ್ಷಿತರು ಗಿಟಾರಿನೊಡನೆ ಹಾಡಿ ಊರೂರಿಗೆ ಮುಟ್ಟಿಸುತ್ತಿದ್ದ ಕಾಲವದು. ಅಂಥ ತಂಡಗಳು ಬೆಂಗಳೂರಿನಲ್ಲಿ ಇನ್ನೂ ಹಲವಿದ್ದವು. ಈ ವಾದಕರ ಹೆಸರು ಇಲ್ಲಿ ಬೇಡ. ತರುಣನಿಗೆ ಅವರ ವಿಷಯದಲ್ಲಿ ತಿಳಿಯದ್ದಿರಲಿಲ್ಲ: ಯಾವ ವರ್ಷ ಯಾವ ಗಿಟಾರ್ ಕೊಂಡರು, ಎಷ್ಟನೆಯ ತಂತಿಯನ್ನು ಎಷ್ಟು ಸಡಿಲಿಸುತ್ತಾರೆ, ಯಾವ ಕಛೇರಿಯಲ್ಲಿ ಯಾವ ಹಾಡನ್ನು ಎರಡು ಸಲ ನುಡಿಸಿದರು, ಎಲ್ಲವೂ ಬಾಯಿಪಾಠ. ಅವನ ಫೋನಿನ ಕರೆಗಂಟೆಯೂ ಅವರು ನುಡಿಸಿದ ಒಂದು ತುಣುಕೇ.

2012ರ ಬೇಸಗೆಯಲ್ಲಿ ತಂದೆಗೆ ಎದೆನೋವು ಬಂತು. ಕಡೂರಿನ ವೈದ್ಯರು ತಡಮಾಡದೆ ಬೆಂಗಳೂರಿಗೆ ಕಳುಹಿಸಿದರು. ಆ ವರ್ಷ ಮಳೆಯಿಲ್ಲದೆ ತೋಟದ ಕೊಳವೆಬಾವಿ ಬತ್ತಿ, ತೆಂಗಿನ ಗರಿಗಳು ಜೋತುಬಿದ್ದಿದ್ದವು. ಶಸ್ತ್ರಚಿಕಿತ್ಸೆಗೆ ಹಣ ಹೊಂದಿಸಲು ತರುಣ ತನ್ನ ಮೋಟಾರ್ ಸೈಕಲ್ಲನ್ನೂ, ಆಸೆಪಟ್ಟು ಕೊಂಡಿದ್ದ ಗಿಟಾರನ್ನೂ ಮಾರಿದ. ತೀವ್ರನಿಗಾ ಘಟಕದ ಹೊರಗಿನ ಓಣಿಯಲ್ಲಿ, ಸಾಲು ಕುರ್ಚಿಗಳಲ್ಲೊಂದರಲ್ಲಿ, ರಾತ್ರಿ ಎಚ್ಚರವಿದ್ದು ಕಾಯುವ ಕೆಲಸ ಅವನ ಪಾಲಿಗೆ ಬಂತು.

ಆಸ್ಪತ್ರೆಯ ಆ ಓಣಿಯಲ್ಲಿ ಯಾರಿಗೂ ತಮ್ಮದೆಂಬ ಹೆಸರಿಲ್ಲ. ಬಾಗಿಲು ತೆರೆದು ನರ್ಸಮ್ಮ “7ನೇ ಬೆಡ್ ಕಡೆಯವರು ಯಾರು?” ಎನ್ನುತ್ತಾರೆ, ತರುಣ ಓಡಿಹೋಗುತ್ತಾನೆ. ಎರಡನೆಯ ರಾತ್ರಿ “11ನೇ ಬೆಡ್ ಕಡೆಯವರು” ಎಂಬ ಕರೆಗೆ ಪಕ್ಕದ ಕುರ್ಚಿಯಿಂದ ಎದ್ದುಹೋದವರ ಬೆನ್ನನ್ನು ನೋಡಿ ತರುಣನ ಉಸಿರು ಕಟ್ಟಿತು. ಆ ನಡಿಗೆ, ಆ ಎಡಭುಜದ ಓರೆ ಅವನಿಗೆ ಗೊತ್ತಿಲ್ಲದ್ದೇ? ಮಾಸಿದ ಅಂಗಿ, ಕ್ಷೌರ ಕಾಣದ ಮುಖ, ಕೈಯಲ್ಲಿ ಔಷಧಿಯ ಚೀಟಿ. ವಾದಕರು ತಮ್ಮ ತಾಯಿಗಾಗಿ ಕಾಯುತ್ತಿದ್ದರು.

ಹಿಂತಿರುಗಿ ಬಂದು ಅವರೇ ಮಾತು ತೆಗೆದರು. “ನಿಮ್ಮವರು ಯಾರು ಒಳಗಿರೋದು?”

“ನಮ್ಮ ತಂದೆಯವರು ಸಾರ್.”

“ಯಾವೂರಾಯಿತು ನಿಮಗೆ?”

“ಸಿಂಗಟಗೆರೆ. ಕಡೂರಿನ ಹತ್ತಿರ.”

“ಕಡೂರು ಸ್ಟೇಷನ್ ನೋಡಿದ್ದೇನೆ, ಹುಬ್ಬಳ್ಳಿಗೆ ಹೋಗುವಾಗ,” ಎಂದು ಅವರು ಯಂತ್ರದಿಂದ ಎರಡು ಲೋಟ ಕಾಫಿ ತಂದು ಒಂದನ್ನು ಇವನ ಕೈಗೆ ಕೊಟ್ಟರು.

ಎಂಟು ವರ್ಷ ಕನಸಿದ್ದ ಗಳಿಗೆ ಅದು. ಹೇಳಬೇಕೆಂದು ಬಾಯಿಪಾಠ ಮಾಡಿಕೊಂಡಿದ್ದ ಮಾತುಗಳೆಲ್ಲ ಗಂಟಲಿಗೆ ಬಂದವು. ಆದರೆ ಎದುರಿಗಿದ್ದವರ ಕಣ್ಣುಗಳು ಮುಚ್ಚಿದ ಬಾಗಿಲಿನ ಮೇಲೆ ನೆಟ್ಟಿದ್ದವು. ಆ ಹೊತ್ತಿನಲ್ಲಿ ಅವರನ್ನು ಗಿಟಾರ್ ವಾದಕರೆಂದು ಕರೆದರೆ, 11ನೇ ಬೆಡ್ಡಿನ ಮಗನನ್ನು ಅಲ್ಲಿಂದ ಎಬ್ಬಿಸಿ ಕಳುಹಿಸಿದಂತಾಗುತ್ತದೆ ಎಂದು ಅವನಿಗೆ ಅನಿಸಿತು. ನಕ್ಕು ಮಾತನಾಡಿಸುವ ಕರ್ತವ್ಯ ಅವರ ಮೇಲೆ ಬೀಳುತ್ತದೆ. ಅಳುವ ಸ್ವಾತಂತ್ರ್ಯ ಹೋಗುತ್ತದೆ. ತರುಣ ಸುಮ್ಮನೆ ಕಾಫಿ ಕುಡಿದ. ಬೆಳಗಿನ ಜಾವ ಮೂರರ ಸುಮಾರಿಗೆ ಊರಿನಿಂದ ಚಿಕ್ಕಪ್ಪನ ಕರೆ ಬಂತು. ನಿಶ್ಶಬ್ದವಾದ ಓಣಿಯಲ್ಲಿ ಆ ಗಿಟಾರಿನ ತುಣುಕು ಮೊಳಗತೊಡಗಿದೊಡನೆ ಅವನು ಗಾಬರಿಯಿಂದ ಫೋನನ್ನು ಅಮುಕಿ ಹಿಡಿದ. ವಾದಕರು ಕಣ್ಣು ಮುಚ್ಚಿ ಕುಳಿತಿದ್ದರು. ಕೇಳಿದರೋ ಇಲ್ಲವೋ ತಿಳಿಯಲಿಲ್ಲ. ಬೆಳಗಾದ ಮೇಲೆ ತಂದೆಯನ್ನು ವಾರ್ಡಿಗೆ ಸಾಗಿಸಿದರು. ಮತ್ತೆ ಆ ಓಣಿಗೆ ಹೋಗುವ ಅಗತ್ಯ ಬೀಳಲಿಲ್ಲ.

ಊರಿಗೆ ಮರಳಿ, ಜಗಲಿಯಲ್ಲಿ ಒರಗಿಕೊಂಡು ತಂದೆ ಈ ಕಥೆಯನ್ನೆಲ್ಲ ಕೇಳಿದರು. ಹರೆಯದಲ್ಲಿ ತಾವು ಕಂಡದ್ದೊಂದು ಅವರಿಗೆ ನೆನಪಾಯಿತು. ಕಂಪನಿ ನಾಟಕ ನೋಡಿ ರಾತ್ರಿಯೆಲ್ಲ ರಾವಣನ ಅಬ್ಬರಕ್ಕೆ ಬೆರಗಾಗಿದ್ದವರು, ಬೆಳಗ್ಗೆ ಅದೇ ರಾವಣ ಬಿಡಾರದ ಹಿಂದೆ ಕೂಸಿನ ಬಟ್ಟೆ ಒಗೆಯುತ್ತಿದ್ದುದನ್ನು ಕಂಡಿದ್ದರು. “ಅವತ್ತಿನಿಂದ ಅವನ ಮೇಲಿನ ಮರ್ಯಾದೆ ಹೆಚ್ಚಾಯಿತೇ ಹೊರತು ಕಮ್ಮಿಯಾಗಲಿಲ್ಲ ಕಣಪ್ಪ,” ಎಂದರು. ಆಮೇಲೆ ಕೇಳಿದರು: “ಅದು ಸರಿ, ಅವರ ತಾಯಿ ಹೇಗಿದ್ದಾರಂತೆ?”

ತರುಣನಲ್ಲಿ ಉತ್ತರವಿರಲಿಲ್ಲ. ಗಿಟಾರಿನ ತಂತಿಗಳ ಲೆಕ್ಕವೆಲ್ಲ ಬಲ್ಲವನಿಗೆ ಆ ಒಂದು ಸಂಗತಿ ತಿಳಿಯುವ ದಾರಿಯಿರಲಿಲ್ಲ. ತಂದೆ ಮಾತ್ರ ಬಿಡಲಿಲ್ಲ. ವಾರಕ್ಕೊಮ್ಮೆ ಫೋನಿನಲ್ಲಿ ಮಾತಾಡುವಾಗಲೂ ಅದೇ ಪ್ರಶ್ನೆ.

ಮರುವರ್ಷ ಆ ತಂಡದ ಕಛೇರಿ ನಡೆಯಿತು. ಮುಗಿದ ಮೇಲೆ ಹಸ್ತಾಕ್ಷರಕ್ಕಾಗಿ ಉದ್ದನೆಯ ಸಾಲು. ಎಲ್ಲರೂ ಫೋನ್ ಹಿಡಿದು ಪಕ್ಕದಲ್ಲಿ ನಿಂತು ಚಿತ್ರ ತೆಗೆದುಕೊಳ್ಳುತ್ತಿದ್ದರು. ತರುಣ ಹೊಸ ತಟ್ಟೆಯೊಂದನ್ನು ಕೊಂಡು ಸಾಲಿನಲ್ಲಿ ನಿಂತ. ಸರದಿ ಬಂದಾಗ, “ತಾಯಿಯವರು ಹೇಗಿದ್ದಾರೆ ಸಾರ್?” ಎಂದ.

ವಾದಕರ ಲೇಖನಿ ನಿಂತಿತು. ತಲೆಯೆತ್ತಿ ನೋಡಿದರು. “ಕಡೂರಿನ ಹತ್ತಿರದವರಲ್ಲವೇ ನೀವು? ಅಮ್ಮ ಹೋದರು, ಅದಾದ ನಾಲ್ಕು ದಿನಕ್ಕೆ,” ಎಂದರು. ಸ್ವಲ್ಪ ತಡೆದು, “ತಂದೆಯವರು?”

“ತೋಟಕ್ಕೆ ಹೋಗಿ ಬರುವಷ್ಟು ಆಗಿದ್ದಾರೆ.”

“ಒಳ್ಳೆಯದಾಯಿತು,” ಎಂದರು ಅವರು. ಆ ಮಾತಿನಲ್ಲಿ ಉಪಚಾರವಿರಲಿಲ್ಲ. “ಅವತ್ತು ನಿಮ್ಮ ಫೋನ್ ಕೂಗಿದ್ದು ಕೇಳಿಸಿತು. ನೀವು ಏನೂ ಹೇಳದೆ ಕೂತಿದ್ದಿರಿ. ಆ ರಾತ್ರಿ ನನಗೆ ಅದೇ ಬೇಕಾಗಿತ್ತು.” ಹಿಂದೆ ನಿಂತವರು ನೂಕುತ್ತಿದ್ದರು. ಅವರು ತಂದೆಯ ಹೆಸರು ಕೇಳಿ, ತಟ್ಟೆಯ ಮೇಲೆ ಆ ಹೆಸರನ್ನೇ ಬರೆದು ರುಜು ಹಾಕಿ ಕೊಟ್ಟರು.

ಸಿಂಗಟಗೆರೆಯ ಆ ಮನೆಯಲ್ಲಿ ತಟ್ಟೆಯನ್ನು ನುಡಿಸುವ ಯಂತ್ರವಿಲ್ಲ. ತಂದೆ ಅದನ್ನು ಅರಸೀಕೆರೆಯ ಕೊಬ್ಬರಿ ಮಾರುಕಟ್ಟೆಯ ರಸೀತಿಗಳೊಂದಿಗೆ ಪೆಟ್ಟಿಗೆಯಲ್ಲಿ ಜೋಪಾನವಾಗಿ ಇಟ್ಟರು. ಸುದ್ದಿ ಕೇಳಿದ ದಿನ ಹೆಚ್ಚು ಮಾತಾಡಲಿಲ್ಲ. ಸೋಮವಾರ ಬೆಳಗ್ಗೆ ತಮ್ಮ ತೋಟದ ಕೊಬ್ಬರಿಯಿಂದ ತೆಗೆಸಿದ ಎಣ್ಣೆಯನ್ನು ಒಂದು ತಂಬಿಗೆಯಲ್ಲಿ ಹಿಡಿದು ಕಲ್ಲೇಶ್ವರನ ಗುಡಿಗೆ ನಡೆದರು. ದೀಪಕ್ಕೆ ಎಣ್ಣೆಯನ್ನು ತೆಗೆದುಕೊಳ್ಳುತ್ತ ಅರ್ಚಕರು ಯಾರ ಹೆಸರಿನಲ್ಲಿ ಎಂದು ಕೇಳಿದರು.

“ಹೆಸರು ತಿಳಿಯದು ಸ್ವಾಮಿ. ನಮ್ಮ ಕಡೆಯವರು,” ಎಂದರು ತಂದೆ.