ಸದ್ದಿನ ಶೌಕ್

ಫಾರ್ಮುಲಾ ಒನ್ ಕಾರುಗಳು ಹಾಡುವುದನ್ನು ಬಿಟ್ಟಿವೆ ಎಂದು ಅದರ ಅಭಿಮಾನಿಗಳು 2014ರಿಂದ ದೂರುತ್ತಲೇ ಇದ್ದಾರೆ. ಕಥೆ, ಕವಿತೆ ಓದುವ ಮಂದಿಗೆ ಇದು ಶ್ರೀಮಂತರ ಆಟದ ಸಣ್ಣ ತಕರಾರು ಅನಿಸಬಹುದು. ನಮಗೆ ಹಾಗೆ ಅನಿಸುವುದಿಲ್ಲ. ಜನ ಪ್ರೀತಿಸುವ ಒಂದು ವಸ್ತುವನ್ನು ಹೇಗೆ ಮಾಡಬೇಕೆಂದು ಹೇಳುವ ಹಕ್ಕು ಯಾರದು ಎಂಬ ಪ್ರಶ್ನೆ ಇದರಲ್ಲಿದೆ.

2011ರ ಅಕ್ಟೋಬರಿನಲ್ಲಿ ಗ್ರೇಟರ್ ನೋಯ್ಡಾದಲ್ಲಿ ಭಾರತದ ಮೊದಲ ಗ್ರ್ಯಾನ್ ಪ್ರಿ ನಡೆದಾಗ ಅಕ್ಕನ ಮಗನ ಹಟಕ್ಕೆ ಸೋತು ನಾವೂ ಹೋಗಿದ್ದೆವು. ಶುಕ್ರವಾರದ ಅಭ್ಯಾಸದ ಹೊತ್ತಿಗೆ ಬೀದಿನಾಯಿಯೊಂದು ಟ್ರ್ಯಾಕಿಗೆ ನುಗ್ಗಿ ಪತ್ರಿಕೆಗಳಿಗೆ ಸುದ್ದಿಯಾಗಿತ್ತು. ಭಾನುವಾರ ಕಿವಿಗೆ ಹತ್ತಿ ತುರುಕಿಕೊಂಡು ಕೂತೆವು. ಕಾರು ಕಣ್ಣಿಗೆ ಬೀಳುವ ಮೊದಲೇ ಸದ್ದು ಎದೆಗೂಡಿಗೆ ಬಂದು ತಾಕುತ್ತಿತ್ತು. “ಮಾಮು, ಇದು ವಿ8. ನೀವು ವಿ10 ಕೇಳಬೇಕಿತ್ತು” ಎಂದ ಹುಡುಗ. ಅವನು ವಿ10 ಕೇಳಿದ್ದಾದರೂ ಎಲ್ಲಿ? ಟಿವಿಯಲ್ಲಿ!

ಆ ವಿ10 ಎಂಬುದು 3 ಲೀಟರಿನ, ಹತ್ತು ಸಿಲಿಂಡರಿನ ಎಂಜಿನ್. 2005ರವರೆಗೂ ಅದರದೇ ರಾಜ್ಯಭಾರ. 2006ರಲ್ಲಿ 2.4 ಲೀಟರಿನ ವಿ8 ಬಂತು. 2014ರಲ್ಲಿ 1.6 ಲೀಟರಿನ ಆರು ಸಿಲಿಂಡರು, ಜೊತೆಗೊಂದು ಟರ್ಬೊ, ವಿದ್ಯುತ್ ಮೋಟಾರು. ಲೆಕ್ಕ ಹಾಕಿದರೆ ವ್ಯತ್ಯಾಸ ತಿಳಿಯುತ್ತದೆ. ನಿಮಿಷಕ್ಕೆ 18,000 ಸುತ್ತು ತಿರುಗುವ ವಿ10ರಲ್ಲಿ ಒಂದು ಸೆಕೆಂಡಿಗೆ 1,500 ಸ್ಫೋಟ. 12,000 ಸುತ್ತು ತಿರುಗುವ ವಿ6ರಲ್ಲಿ 600. ಸಂಗೀತದವರ ಭಾಷೆಯಲ್ಲಿ ಹೇಳುವುದಾದರೆ ಸ್ವರ ಒಂದು ಸ್ಥಾಯಿಗಿಂತಲೂ ಕೆಳಕ್ಕಿಳಿಯಿತು. ಸಾಲದ್ದಕ್ಕೆ ಹೊಗೆಯ ಜೊತೆ ಹೊರಗೆ ಹೋಗಬೇಕಾದ ಶಕ್ತಿಯನ್ನು ಟರ್ಬೊ ದಾರಿಯಲ್ಲೇ ಹಿಡಿದು ಕೆಲಸಕ್ಕೆ ಹಚ್ಚುತ್ತದೆ. ಹಾಗಾಗಿ ಕಿವಿಗೆ ಸಿಗುವುದು ಅದು ಬಿಟ್ಟಷ್ಟೇ.

ನಮ್ಮ ಮನೆಗಳಲ್ಲಿ ವುಜೂ ಮಾಡುವಾಗ ನಲ್ಲಿ ಜೋರಾಗಿ ಬಿಟ್ಟರೂ ‘ಇಸ್ರಾಫ್’ ಎಂಬ ಗದರಿಕೆ ಕೇಳಿಬರುತ್ತದೆ. ಆ ಕಿವಿಗೆ ಹೊಸ ಎಂಜಿನ್ನಿನ ಕಥೆ ಹಿತವಾಗಿದೆ. 2014ರ ನಿಯಮದಂತೆ ಇಡೀ ರೇಸಿಗೆ 100 ಕೆ.ಜಿ. ಇಂಧನ ಮಾತ್ರ, ಅಂದರೆ ಮೊದಲಿಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ. ಇಂಧನದ ಶಕ್ತಿಯಲ್ಲಿ ಅರ್ಧಕ್ಕಿಂತ ಹೆಚ್ಚನ್ನು ತಮ್ಮ ಎಂಜಿನ್ ದುಡಿಮೆಗೆ ತಿರುಗಿಸಿತೆಂದು 2017ರಲ್ಲಿ ಮರ್ಸಿಡಿಸ್‌ನವರು ಹೇಳಿದರು. ಉಳಿದದ್ದೆಲ್ಲ ಶಾಖವಾಗಿ ಹೋಗುವ ಎಂಜಿನ್ನುಗಳ ನಡುವೆ ಇದು ಸಣ್ಣ ಸಾಧನೆಯಲ್ಲ. ಆದರೆ ಗ್ಯಾಲರಿಯಲ್ಲಿ ಕೂತವನು ಮಿತವ್ಯಯಕ್ಕೆ ಚಪ್ಪಾಳೆ ತಟ್ಟುವುದು ಹೇಗೆ? ಅದು ಕಾಣುವುದಿಲ್ಲ, ಕೇಳುವುದೂ ಇಲ್ಲ. ಅದೇ ವರ್ಷ ಬಾರ್ಸಿಲೋನಾದಲ್ಲಿ, ಅಂದರೆ 2014ರ ಮೇ ತಿಂಗಳಲ್ಲಿ, ಕಾರಿನ ಹಿಂದಕ್ಕೆ ಕಹಳೆಯಂಥ ಕೊಳವೆ ಕಟ್ಟಿ ಸದ್ದು ಹೆಚ್ಚಿಸುವ ಪ್ರಯೋಗವೂ ನಡೆಯಿತು. ಪಾಪ, ಮದುವೆಮನೆಯ ಬ್ಯಾಂಡಿನವರ ನೆನಪಾಯಿತು ನಮಗೆ.

ಇಸ್ರಾಫಿನ ಲೆಕ್ಕವನ್ನು ಪೂರ್ತಿ ಹಾಕಿದರೆ ಮಾತ್ರ ಬೇರೆಯೇ ಚಿತ್ರ ಮೂಡುತ್ತದೆ. ಫಾರ್ಮುಲಾ ಒನ್ 2019ರಲ್ಲಿ ತಾನೇ ಪ್ರಕಟಿಸಿದ ಲೆಕ್ಕದ ಪ್ರಕಾರ ಒಂದು ವರ್ಷದ ಇಂಗಾಲದ ಹೊರೆ 2,56,551 ಟನ್. ಅದರಲ್ಲಿ ಕಾರುಗಳ ಎಂಜಿನ್ನಿನದು ಶೇಕಡಾ 0.7 ಮಾತ್ರ. ಸರಕನ್ನು ವಿಮಾನ, ಹಡಗು, ಲಾರಿಗಳಲ್ಲಿ ದೇಶದಿಂದ ದೇಶಕ್ಕೆ ಸಾಗಿಸಿದ್ದರದು ಶೇಕಡಾ 45. ಹೀಗಿರುವಾಗ ಅಭಿಮಾನಿಯ ಶೌಕನ್ನೇ ಮೊದಲು ಮೊಟಕು ಮಾಡಿದ್ದೇಕೆ? ಕಾರಣ ಪರಿಸರವೊಂದೇ ಅಲ್ಲ. ಬೀದಿಯಲ್ಲಿ ಹೈಬ್ರಿಡ್ ಕಾರು ಮಾರುವ ಕಂಪೆನಿಗಳಿಗೆ ರೇಸಿನಲ್ಲೂ ಹೈಬ್ರಿಡ್ ಬೇಕಿತ್ತು. ಹೋಂಡಾ 2015ರಲ್ಲಿ ಮರಳಿ ಬಂದದ್ದೂ ಈ ನಿಯಮ ಕಂಡೇ.

ಹಾಗೆಂದು ಅಭಿಮಾನಿಗಳದ್ದು ಒಂದೇ ದನಿಯೂ ಅಲ್ಲ. 2020ರ ಡಿಸೆಂಬರಿನಲ್ಲಿ ಅಬುಧಾಬಿಯಲ್ಲಿ ಫರ್ನಾಂಡೊ ಅಲೊನ್ಸೊ ತನ್ನ 2005ರ ರೆನೊ ಕಾರನ್ನು ಓಡಿಸಿದಾಗ ಆ ವಿ10ರ ಕೂಗಿಗೆ ಹಳಬರ ಕಣ್ಣು ತೇವವಾಯಿತು. 2019ರಿಂದ ನೆಟ್‌ಫ್ಲಿಕ್ಸ್ ಸರಣಿ ನೋಡಿ ಆಟಕ್ಕೆ ಬಂದ ಹೊಸಬರಿಗೆ ಚಾಲಕರ ಜಗಳ, ಸ್ನೇಹಗಳೇ ಮುಖ್ಯ. ಕೇಳಿಯೇ ಇರದ ಸದ್ದಿಗೆ ಅವರೇಕೆ ಹಂಬಲಿಸಬೇಕು? ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಮುಚ್ಚಿ ಎಷ್ಟೋ ಕಾಲವಾದರೂ ಯೆಜ್ಡಿಯ ಸದ್ದಿಗೆ ತಿರುಗಿ ನೋಡುವ ನಮ್ಮ ಓರಗೆಯವರಿದ್ದಾರೆ. ಅವರ ಮಕ್ಕಳು ತಿರುಗುವುದಿಲ್ಲ.

2025ರಲ್ಲಿ ಎಫ್‌ಐಎ ಅಧ್ಯಕ್ಷ ಮುಹಮ್ಮದ್ ಬಿನ್ ಸುಲಾಯಂ, ಸುಸ್ಥಿರ ಇಂಧನ ಹಾಕಿ ವಿ10 ಮರಳಿ ತರುವ ಮಾತೆತ್ತಿದರು. ಆ ಏಪ್ರಿಲಿನಲ್ಲಿ ಬಹರೇನಿನಲ್ಲಿ ಸಭೆ ಸೇರಿದ ಎಂಜಿನ್ ಕಂಪೆನಿಗಳು ಸದ್ಯಕ್ಕೆ ಒಪ್ಪಲಿಲ್ಲ. ಆಮೇಲೆ ಮಾತು ವಿ8ರತ್ತ ಹೊರಳಿತು. 2026ರ ನಿಯಮದಲ್ಲಿ ವಿ6 ಹಾಗೆಯೇ ಉಳಿದು, ವಿದ್ಯುತ್ ಮೋಟಾರಿನ ಬಲ 120 ಕಿಲೋವ್ಯಾಟಿನಿಂದ 350ಕ್ಕೆ ಏರಿತು. ಆ ನಿಯಮವನ್ನೇ ನೆಚ್ಚಿ ಔಡಿ ಹೊಸದಾಗಿ ಬಂತು. ಟಿಕೆಟಿನ ದುಡ್ಡು ತೆತ್ತವರು ಬಹರೇನಿನ ಆ ಕೋಣೆಯೊಳಗೆ ಇರಲಿಲ್ಲ.